ಖಾಲಿ ಪೆಟ್ರೋಲ್ ಕ್ಯಾನ್ ಖಾಲಿಯಲ್ಲ

ಮಾವು ಹೂ ಬಿಟ್ಟಿತ್ತು. ಈಗ ಔಷಧಿ ಹೊಡೆಯುವುದು ತಡವಾದರೆ ಜಿಗಿಹುಳ ಹೂವನ್ನೆಲ್ಲ ಹೀರಿಬಿಡುತ್ತದೆ. ಅಂಥ ಹೊತ್ತಿನಲ್ಲೇ ಗಂಗಾಧರನ ಪೆಟ್ರೋಲ್ ಸ್ಪ್ರೇಯರ್ ತೋಟದ ನಡುವೆ ನಿಂತುಹೋಯಿತು. ಬಿಚ್ಚಿ ನೋಡಿದರೆ ಕಾರ್ಬುರೇಟರ್ ತುಂಬ ಮಣ್ಣು. ಮಣ್ಣು ಬಂದದ್ದು ಪೆಟ್ರೋಲ್ ತರುವ ಕ್ಯಾನಿನಿಂದ. ಅದು ಹಳೆಯ ಅಡುಗೆ ಎಣ್ಣೆ ಕ್ಯಾನು. ಮುಚ್ಚಳ ಕಳೆದುಹೋಗಿ, ಬಾಯಿಗೆ ಬಟ್ಟೆ ತುರುಕಿದ್ದ.

ಶ್ರೀನಿವಾಸಪುರದ ಹತ್ತಿರದ ಊರು ಅವನದು. ಮರುದಿನ ಬೆಳಗಿನ ಚಳಿ. ಮಗಳು ಶಿವಾನಿ ಅಂಗಳದ ನೀರೊಲೆಯ ಮುಂದೆ ಮಣೆ ಹಾಕಿಕೊಂಡು ಕೂತು ಸೌದೆ ತಳ್ಳುತ್ತಿದ್ದಳು. ಹೆಂಡತಿ ಗಂಗಾಲಕ್ಷ್ಮಿ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಗಂಗಾಧರ ಆ ಕ್ಯಾನನ್ನು ಒಗೆಯುವ ಕಲ್ಲಿನ ಮೇಲಿಟ್ಟು, ಒಂದು ಕಬ್ಬಿಣದ ಸರಳು ತಂದು ಒಲೆಯ ಉರಿಗೆ ಇಟ್ಟ.

ಪಕ್ಕದ ಮನೆಯ ರಂಜಿತ ಹಾಲಿಗೆಂದು ಬಂದಳು. ಅವಳು ಕೋಲಾರದ ರಸ್ತೆಯಲ್ಲಿರುವ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುವವಳು.

"ಗಂಗಾಧರಣ್ಣ, ಸರಳು ಯಾಕೆ ಕಾಯಿಸ್ತಿದ್ದೀಯ?"

"ಪೆಟ್ರೋಲ್ ಕ್ಯಾನಿಗೆ ತೂತು ಹೊಡೀಬೇಕಮ್ಮ. ಗಾಳಿ ಆಡದೆ, ಸುರಿಯೋವಾಗ ಗಳಗಳ ಅಂತ ಕೈ ಮೇಲೆಲ್ಲ ಚೆಲ್ತದೆ."

"ಬೇಡ ಕಣಣ್ಣ! ಕಾದ ಸರಳು ತಾಕಿದ್ರೆ ಕ್ಯಾನು ಸಿಡೀತದೆ."

ಗಂಗಾಧರ ನಕ್ಕ. "ಅದ್ರಲ್ಲಿ ಒಂದು ತೊಟ್ಟೂ ಇಲ್ಲ. ಖಾಲಿ ಕ್ಯಾನು ಏನ್ ಮಾಡ್ತದೆ?"

"ತೊಟ್ಟು ಇಲ್ದಿದ್ರೂ ಆವಿ ಇರ್ತದಣ್ಣ. ಹತ್ಕೊಳ್ಳೋದೇ ಆವಿ. ಬಂಕಲ್ಲಿ ನಮಗೆ ಮೊದಲು ಹೇಳ್ಕೊಟ್ಟಿದ್ದೇ ಇದು."

"ಎಷ್ಟು ವರ್ಷದಿಂದ ತೋಟ ಮಾಡ್ತಿದ್ದೀನಿ, ಏನೂ ಆಗಿಲ್ಲ. ಆಯ್ತು, ತೂತು ಬಿಡು. ತೊಳೆಯೋಕಾದ್ರೂ ಬಿಡ್ತೀಯ ಇಲ್ವಾ?"

ಸರಳನ್ನು ಸಿಟ್ಟಿನಿಂದ ಅತ್ತ ಎಸೆದ. ರಂಜಿತ ಬಾಯಿ ತೆರೆಯುವ ಮೊದಲೇ ಹಂಡೆಯಿಂದ ಒಂದು ಚೊಂಬು ಬಿಸಿನೀರು ಮೊಗೆದು ಕ್ಯಾನಿಗೆ ಹುಯ್ದ. ಕುಲುಕಿ, ಒಗೆಯುವ ಕಲ್ಲಿನ ಪಕ್ಕದ ಮೋರಿಗೆ ಚೆಲ್ಲಿದ. ಆ ಮೋರಿ ಒಲೆಯ ಮುಂದೆಯೇ ಹರಿದು ಹೋಗುತ್ತಿತ್ತು. ಕ್ಯಾನಿನ ತಳದ ಕೆಸರಿನಲ್ಲಿ ಸೇರಿಕೊಂಡಿದ್ದ ಪೆಟ್ರೋಲು ನೀರಿನ ಮೇಲೆ ತೇಲಿಕೊಂಡು ಹೊರಟಿತು. ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು.

"ಶಿವಾನಿ, ಏಳೇ!"

ರಂಜಿತ ಓಡಿಹೋಗಿ ಹುಡುಗಿಯ ರಟ್ಟೆ ಹಿಡಿದು ಎಳೆದಳು. ಅಷ್ಟರಲ್ಲಿ ಭಗ್ಗೆಂದಿತು. ಬೆಂಕಿ ಮೋರಿಯ ಉದ್ದಕ್ಕೂ ಓಡಿ ಗಂಗಾಧರನ ಕಾಲಿಗೇ ಬಂತು. ಕೈಯಲ್ಲಿದ್ದ ಕ್ಯಾನು ಜಾರಿ ಬಿದ್ದು ಅದೂ ಹತ್ತಿಕೊಂಡಿತು. ಅಲ್ಲಿಂದ ನಾಲ್ಕು ಮಾರು ಆಚೆ ರಾಗಿ ಹುಲ್ಲಿನ ಬಣವೆ. ಬಣವೆಗೆ ಒತ್ತಿಕೊಂಡೇ ಕೊಟ್ಟಿಗೆ.

ಗಂಗಾಧರ ನೀರಿನ ಬಕೆಟ್ಟಿಗೆ ಕೈ ಹಾಕಿದ.

"ನೀರು ಬೇಡಣ್ಣ! ಉರಿ ತೇಲ್ಕೊಂಡು ಬಣವೆಗೆ ಹೋಗ್ತದೆ! ಮಣ್ಣು ಹಾಕು, ಮಣ್ಣು!"

ಗಂಗಾಲಕ್ಷ್ಮಿ ಹಸುವಿನ ಹಗ್ಗ ಬಿಚ್ಚಿ ಹೊರಗೆ ಅಟ್ಟಿ ಓಡಿಬಂದಳು. ಕಾಂಪೌಂಡಿಗೆಂದು ಸುರಿಸಿದ್ದ ಮರಳಿನ ಗುಡ್ಡೆ ಅಲ್ಲೇ ಇತ್ತು. ಬಾಂಡ್ಲಿಯಲ್ಲಿ, ಮಂಕರಿಯಲ್ಲಿ, ಬರಿಗೈಯಲ್ಲಿ ಮೂವರೂ ಮರಳು ಎರಚಿದರು. ಉರಿ ಒಮ್ಮೆ ತಗ್ಗುವುದು, ಮತ್ತೆ ಏಳುವುದು. ಬಣವೆಯ ಅಂಚಿನ ಹುಲ್ಲು ಹೊಗೆಯಾಡತೊಡಗಿತು. ಗಂಗಾಲಕ್ಷ್ಮಿ ಅದನ್ನು ಕಿತ್ತು ಕಾಲಿನಿಂದ ಹೊಸಕಿದಳು. ಕೊನೆಗೂ ಬೆಂಕಿ ಮರಳಿನಡಿ ಸತ್ತಿತು.

ಶಿವಾನಿ ಕೂತಿದ್ದ ಮಣೆ ಅರ್ಧ ಕರಕಲಾಗಿತ್ತು. ಗಂಗಾಧರ ಅದನ್ನೇ ನೋಡುತ್ತಾ ಕುಸಿದು ಕೂತ. ಅವನ ಪಾದದ ಚರ್ಮ ಬೊಬ್ಬೆ ಎದ್ದಿತ್ತು. ಆದರೆ ಅವನು ಕೇಳಿದ್ದು, "ಮಗೀಗೆ ಏನೂ ಆಗಿಲ್ಲ ತಾನೆ?" ಎಂದು ಮಾತ್ರ.

ರಂಜಿತ ಅವನ ಕಾಲನ್ನು ನಲ್ಲಿಯ ತಣ್ಣೀರಿನ ಕೆಳಗೆ ಬಹಳ ಹೊತ್ತು ಹಿಡಿಸಿದಳು. ಗಂಗಾಲಕ್ಷ್ಮಿ ಟೂತ್‌ಪೇಸ್ಟ್ ತಂದಾಗ, "ಅದೇನೂ ಹಚ್ಚಬೇಡಕ್ಕ, ಆಸ್ಪತ್ರೆಗೇ ಹೋಗೋಣ" ಎಂದಳು.

ಸಂಜೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಗಂಗಾಧರ ತಾನೇ ರಂಜಿತಳನ್ನು ಕೇಳಿದ: "ಮತ್ತೆ ಕ್ಯಾನು ಹೆಂಗಮ್ಮ ತೊಳೀಬೇಕು?"

"ಎಣ್ಣೆ ಕ್ಯಾನು, ನೀರಿನ ಬಾಟ್ಲು ಪೆಟ್ರೋಲಿಗೆ ಆಗೋದೇ ಇಲ್ಲಣ್ಣ. ಪೆಟ್ರೋಲಿಗೇ ಅಂತ ಮಾಡಿದ ಕ್ಯಾನು ಬರ್ತದೆ. ಬಿಗಿ ಮುಚ್ಚಳ, ಒಳಗೆ ರಬ್ಬರ್ ವಾಷರ್, ಚೆಲ್ಲದಂಗೆ ಸುರಿಯೋಕೆ ಕೊಳವೆ, ಎಲ್ಲಾ ಇರ್ತದೆ. ವಾಷರ್ ಸವೆದ್ರೆ ಬದಲಾಯ್ಸು, ಕ್ಯಾನೇ ಬಿರುಕು ಬಿಟ್ರೆ ಬಿಸಾಕು. ತೂತು ಹೊಡೆಯೋದು, ಬೆಸುಗೆ ಹಾಕೋದು ಬೇಡವೇ ಬೇಡ."

"ಒಳಗೆ ಮಣ್ಣು ಸೇರಿದ್ರೆ?"

"ಬಯಲಿಗೆ ತಗೊಂಡು ಹೋಗು. ಒಲೆ, ಬೀಡಿ, ಮೋಟಾರು ಹತ್ತಿರ ಇರಬಾರ್ದು. ನೀರು ಹಾಕ್ಬೇಡ. ಸ್ವಲ್ಪ ಪೆಟ್ರೋಲೇ ಹಾಕಿ, ಮುಚ್ಚಿ, ಮೆಲ್ಲಗೆ ಅಲ್ಲಾಡ್ಸು. ಆ ಕೊಳಕನ್ನ ಮುಚ್ಚಳ ಇರೋ ಡಬ್ಬಿಗೆ ಬಗ್ಗಿಸಿ ಗ್ಯಾರೇಜಿಗೆ ಕೊಡು, ಮೋರಿಗೆ ಹಾಕ್ಬೇಡ. ಆಮೇಲೆ ಸ್ಪ್ರೇಯರ್‌ಗೆ ಹಾಕೋವಾಗ ಜಾಲರಿ ಇರೋ ಲಾಳಿಕೆ ಇಟ್ಕೋ. ಮಣ್ಣು ಅಲ್ಲೇ ನಿಲ್ತದೆ."

ಗಂಗಾಧರ ತಲೆಯಾಡಿಸಿದ. ಮಾರನೆಯ ದಿನ ಕುಂಟುತ್ತಲೇ ಶ್ರೀನಿವಾಸಪುರಕ್ಕೆ ಹೋಗಿ ಕೆಂಪು ಕ್ಯಾನು ತಂದ. ಅದರ ಮೇಲೆ ಶಿವಾನಿ ದಪ್ಪ ಅಕ್ಷರದಲ್ಲಿ 'ಪೆಟ್ರೋಲ್' ಎಂದು ಬರೆದಳು. ಕ್ಯಾನನ್ನು ಮನೆಯೊಳಗೆ ತರಲಿಲ್ಲ. ತೋಟದ ಶೆಡ್ಡಿನಲ್ಲಿ, ನೆರಳಿನಲ್ಲಿ ಇಟ್ಟರು.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಕೇಳಿದ ಮೇಲೆ ಒಮ್ಮೆ ಎದ್ದು ಹೋಗಿ ನಿಮ್ಮ ಮನೆಯ ಪೆಟ್ರೋಲ್ ಕ್ಯಾನು ಎಲ್ಲಿದೆ ನೋಡಿ. ಒಲೆಯ ಹತ್ತಿರವಿದ್ದರೆ ಈಗಲೇ ದೂರ ಒಯ್ದಿಡಿ. ಬಾಯಿಗೆ ಬಟ್ಟೆ ತುರುಕಿದ್ದರೆ ಆ ಕ್ಯಾನನ್ನು ಬದಲಾಯಿಸಿ. ಬಂಕಿನಲ್ಲಿ ತುಂಬಿಸುವಾಗ ಕಿಡಿ ಹಾರದಿರಲು ಕ್ಯಾನನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಡಿ, ಕಂಠದವರೆಗೆ ತುಂಬಿಸಬೇಡಿ. ನಿಮ್ಮ ಅಂಗಳದಲ್ಲಿ ಓಡಾಡುವುದು ನಿಮ್ಮ ಮಕ್ಕಳೇ. ನಾಳೆ ನೋಡಿಕೊಂಡರಾಯಿತು ಎನ್ನಬೇಡಿ.