ಬಲತೋಳಿನ ಗಿಳಿಗಳು

ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ ಇಟ್ಟಿರುವ ಭಾನುಗೆ ಆ ಶನಿವಾರ ಬೆಳಿಗ್ಗೆ ಬಾಕಿಯಿದ್ದದ್ದು ಒಂದೇ ಒಂದು ತೋಳು. ತೆರಕಣಾಂಬಿಯ ನಾಗಲಕ್ಷ್ಮಿಯ ಮಗಳು ನಯನಾಳ ಮದುವೆ ಮಾರನೆಯ ದಿನ. ಧಾರೆ ಸೀರೆಯ ಬ್ಲೌಸಿಗೆ ಎಡತೋಳಿನ ಮೇಲೆ ಮಲ್ಲಿಗೆ ಬಳ್ಳಿ, ನಡುವೆ ಎರಡು ಗಿಳಿ ಜರಿ ದಾರದಲ್ಲಿ ಎದ್ದು ನಿಂತಿದ್ದವು. ಅದೇ ಡಿಸೈನನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬಲತೋಳಿಗೆ ಹಾಕಬೇಕು. ಡಿಸೈನು ಇದ್ದದ್ದು ಹಾರ್ಡ್ ಡಿಸ್ಕಿನಲ್ಲಿ. ಹಾರ್ಡ್ ಡಿಸ್ಕು ಸಾಯಲು ಕೂತಿತ್ತು.

ನಾಲ್ಕು ದಿನದಿಂದ ಅದರದ್ದು ಆಮೆ ನಡಿಗೆ. ಶುಕ್ರವಾರ ಫೋಲ್ಡರ್ ತೆರೆಯಲೇ ಇಲ್ಲ, ಒಳಗಿಂದ ಟಿಕ್ ಟಿಕ್ ಸದ್ದು ಮಾತ್ರ. ಭಾನು ಅದರ ವೈರು ತೆಗೆದು ಹಾಕಿದಳು, ಮತ್ತೆ ತೆಗೆದು ಹಾಕಿದಳು, ತಲೆ ಕೆಟ್ಟು ಒಂದು ಏಟೂ ಕೊಟ್ಟಳು. ಎಡತೋಳು ನೋಡಿಕೊಂಡು ಕಂಪ್ಯೂಟರಿನಲ್ಲಿ ಹೊಸದಾಗಿ ಬರೆಯಲು ಮೂರು ದಿನ ಬೇಕು. ಬರೆದರೂ ಗಿಳಿಯ ಕೊಕ್ಕು ಅದೇ ಥರ ಬರುವುದಿಲ್ಲ.

ಇನ್ನೊಂದು ಕಾಪಿ ಯಾಕಿಲ್ಲ ಎಂದರೆ, ಅದು ಅವಳ ಅತಿ ಬುದ್ಧಿವಂತಿಕೆಯ ಫಲ. ಎದುರು ಸಾಲಿನಲ್ಲಿ ಮಹಾಲಿಂಗನೂ ಅಂಥದೇ ಮಿಷಿನು ಇಟ್ಟಿದ್ದಾನೆ. ಅವನು ತನ್ನ ಡಿಸೈನು ಕದಿಯುತ್ತಾನೆ ಎಂದು ಅವಳಿಗೆ ಎಂಟು ವರ್ಷದ ಗುಮಾನಿ. ಸಾಕ್ಷಿ ಕೇಳಿದರೆ ಒಂದೂ ಇಲ್ಲ. ಆದರೂ ಸಂಜೆಯಾದರೆ ಅಂಗಡಿ ಕಂಪ್ಯೂಟರಿನಿಂದ ಎಲ್ಲ ಅಳಿಸಿ, ಹಾರ್ಡ್ ಡಿಸ್ಕನ್ನು ಬ್ಯಾಗಿಗೆ ತುರುಕಿ ಸ್ಕೂಟರಿನಲ್ಲಿ ಮನೆಗೆ ಒಯ್ಯುವಳು. ಅಷ್ಟು ಕುಲುಕಾಟದಲ್ಲಿ ಅದು ಇಷ್ಟು ವರ್ಷ ಬಾಳಿದ್ದೇ ಹೆಚ್ಚು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಡಿಸ್ಕು, ಎಡತೋಳು ಎರಡನ್ನೂ ಬ್ಯಾಗಿಗೆ ಹಾಕಿಕೊಂಡು ಬೆಳಗಿನ ಬಸ್ಸಿಗೇ ಚಾಮರಾಜನಗರಕ್ಕೆ ಹೋದಳು. ಕಂಪ್ಯೂಟರ್ ರಿಪೇರಿಯ ಮಾದೇಶ್ ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು ಕೇಳಿದ.

"ಎಷ್ಟು ಸಲ ತೆಗ್ದು ಆಕಿದ್ರಿ ಅಕ್ಕ?"

"ಒಂದೆರಡು ಸಲ," ಎಂದಳು ಇಪ್ಪತ್ತು ಸಲ ಮಾಡಿದವಳು.

"ಇನ್ನು ಮುಟ್ಬ್ಯಾಡಿ. ಎಲ್ಲಾ ಈಚ್ಗೆ ತಗಿಯಕೆ ಎರಡು ದಿನ ಬೇಕು, ನಡುವ್ಲೇ ನಿಂತೋದ್ರೂ ಓಯ್ತು. ಯಾವ್ದು ಮೊದ್ಲು ಬೇಕು ಯೋಳಿ."

ಎಂಟು ವರ್ಷ ಕೂತು ಬರೆದ ನಾನೂರು ಡಿಸೈನು ಅದರಲ್ಲಿದ್ದವು. ಆದರೂ "ನಯನಾ ತೋಳು" ಎಂದಳು.

ಮಾದೇಶ್ ಡಿಸ್ಕಿನ ಪಕ್ಕ ಪುಟ್ಟ ಫ್ಯಾನು ಇಟ್ಟು ಕೆಲಸಕ್ಕೆ ಹಚ್ಚಿದ. ಪರದೆಯ ಮೇಲಿನ ಅಂಕಿ ನೂರರಲ್ಲಿ ಹನ್ನೊಂದಕ್ಕೆ ಬಂದು ನಿಂತುಬಿಟ್ಟಿತು.

"ಗಾಬ್ರಿ ಬೀಳ್ಬ್ಯಾಡಿ. ಕೆಟ್ಟಿರೋ ಜಾಗ ಬುಟ್ಟು ಮುಂದ್ಕೋಯ್ತದೆ, ಆಮೇಕೆ ಇಂದ್ಕೆ ಬಂದು ನೋಡ್ತದೆ," ಎಂದ.

ಅಷ್ಟರಲ್ಲಿ ನಾಗಲಕ್ಷ್ಮಿಯ ಫೋನು. "ಬ್ಲೌಸಾಯ್ತೇನವ್ವ ಭಾನು?"

"ಆಯ್ತಾ ಅದೆ ಕಣಕ್ಕ. ತೋಳು ಏನ್ ಚೆಂದಾಗಿ ಬಂದದೆ ಅಂತೀರಿ."

ಎಷ್ಟು ತೋಳು ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಇಲ್ಲಿ ಹೋಗುವುದು ಮದುವೆ ಮನೆಯ ಮಾನ.

ಸ್ವಲ್ಪ ಹೊತ್ತಿಗೆ ಇನ್ನೊಂದು ಫೋನು. ಮಹಾಲಿಂಗ.

"ಅಕ್ಕ, ಮದ್ವೆ ಮನೆಯವ್ರು ಬಂದು ನಿಮ್ ಬಾಗ್ಲು ತಟ್ತಾ ಇದ್ರು. ಅಕ್ಕ ಜರಿ ದಾರ ತರಕೆ ಓಗವ್ರೆ, ಸಂಜ್ಗೆ ಕೊಡ್ತರೆ ಅಂದ್ಬುಟ್ಟೆ. ಸರೀನಾ?"

ಭಾನು ಹೂಂ ಎಂದಳು.

ಮಧ್ಯಾಹ್ನ ಎರಡೂವರೆಗೆ ಫೈಲು ಬಂತು. ಮಾದೇಶ್ ತೆರೆದ. ಬಳ್ಳಿ ಬಂತು, ಒಂದು ಗಿಳಿ ಬಂತು, ಇನ್ನೊಂದೂ ಬಂತು. ಒಂದು ಹೊಲಿಗೆಯೂ ಹಾಳಾಗಿರಲಿಲ್ಲ. ಭಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡಳು.

ಆದರೆ ಬಸ್ಸು ಕಾದು ಊರು ಸೇರಲು ಎರಡು ಗಂಟೆ, ತೋಳು ಮುಗಿಯಲು ಮೂರು ಗಂಟೆ, ಬ್ಲೌಸು ಜೋಡಿಸುವ ಟೈಲರ್ ಏಳಕ್ಕೆ ಬಾಗಿಲು ಹಾಕುತ್ತಾನೆ. ಈಗಲೇ ಯಾರಾದರೂ ಶುರು ಮಾಡಿದರೆ ಮಾತ್ರ ಉಂಟು. ಭಾನು ಫೈಲನ್ನು ಫೋನಿಗೆ ಹಾಕಿಸಿಕೊಂಡಳು. ವಾಟ್ಸಾಪಿನಲ್ಲಿ ಮಹಾಲಿಂಗನ ಹೆಸರು ತೆರೆದು ಎಷ್ಟೋ ಹೊತ್ತು ನೋಡುತ್ತ ನಿಂತಳು. ಆಮೇಲೆ ಫೈಲು ಕಳಿಸಿಯೇಬಿಟ್ಟು, ಅವನಿಗೆ ಫೋನು ಮಾಡಿದಳು.

"ಮಾಲಿಂಗ, ಒಂದು ಫೈಲು ಕಳ್ಸಿವ್ನಿ. ಮನೇಗೋಗಿ ನಮ್ಮತ್ತೆತವು ಅಂಗ್ಡಿ ಬೀಗದ ಕೈ ಇಸ್ಕೊ. ಬಲತೋಳಿನ ಬಟ್ಟೆ ಮೇಜಿನ ಮ್ಯಾಲೇ ಅದೆ, ಡಿಸೈನು ತಿರುಗ್ಸಿ ನಿನ್ ಮಿಷಿನ್ಗೇ ಆಕ್ಬುಡು."

ಡಿಸ್ಕನ್ನು ಮಾದೇಶನ ಬಳಿಯೇ ಬಿಟ್ಟು ಬಸ್ಸು ಹತ್ತಿದಳು. ಗುಂಡ್ಲುಪೇಟೆಯಲ್ಲಿ ಇಳಿದಾಗ ಮಹಾಲಿಂಗನ ಮಿಷಿನು ಓಡುತ್ತಿತ್ತು, ಮೊದಲನೆಯ ಗಿಳಿ ಮೂಡಿಯಾಗಿತ್ತು. ಭಾನು ಬ್ಯಾಗಿನಿಂದ ಎಡತೋಳು ತೆಗೆದು ಪಕ್ಕಕ್ಕಿಟ್ಟು ನೋಡಿದಳು. ಎರಡೂ ಒಂದೇ ತಾಯಿಯ ಮಕ್ಕಳು. ಆರೂವರೆಗೆ ಟೈಲರ್ ಕೈಗೆ ಕೊಡಬಹುದು. ಐವತ್ತು ಡಿಸೈನು ಬಂದಾಯಿತು, ಇನ್ನೂ ಬರುತ್ತಿವೆ ಎಂದು ಮಾದೇಶನೂ ಫೋನು ಮಾಡಿದ. ಮೈಮೇಲಿನ ಮೂಟೆ ಇಳಿದಷ್ಟು ಹಗುರವಾಯಿತು.

ಮಹಾಲಿಂಗ ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದ: "ತೋಳು ಮುಗಿದೇಟ್ಗೆ ಫೈಲು ಅಳುಸ್ಬುಡ್ತೀನಿ ಅಕ್ಕ. ನೀವು ಯೋಚ್ನೆ ಮಾಡ್ಬ್ಯಾಡಿ."

ಅಂದರೆ ಇವನಿಗೆ ಎಂಟು ವರ್ಷದಿಂದಲೂ ಎಲ್ಲ ಗೊತ್ತಿತ್ತು. ಭಾನುಗೆ ನಾಚಿಕೆಯಾಯಿತು.

"ಅಳುಸ್ಬ್ಯಾಡ ಕಣಪ್ಪ," ಎಂದಳು. "ಮಿಕ್ಕವೂ ಸೋಮವಾರ ಬತ್ತವೆ. ಅವ್ನೂ ಒಂದು ಸೆಟ್ ನಿನ್ ಕಂಪ್ಯೂಟರಲ್ಲೇ ಇಡನ."