ಪೆಟ್ಟಾಗದ ಕಾರ್ಖಾನೆ

ಕೆಲಸದಲ್ಲಿ ಪೆಟ್ಟಾದ ಆನ್ಸೆಲ್ಮೊನ ಬೆನ್ನು ಕುಯ್ದು ಹೊಲಿಗೆ ಹಾಕಿದ ಮರುದಿನವೇ ಆಸ್ಪತ್ರೆಯ ಬಾಗಿಲಿಗೆ ಕಂಪನಿಯ ವ್ಯಾನು ಬಂತು. ಮನೆಗೆ ಬಿಡಲಿಕ್ಕಲ್ಲ, ಕೆಲಸಕ್ಕೆ ಕರೆತರಲಿಕ್ಕೆ. ನೆಬ್ರಾಸ್ಕಾದ ನಮ್ಮ ಮಾಂಸದ ಕಾರ್ಖಾನೆಯಲ್ಲಿ ಯಾರಿಗೂ ಪೆಟ್ಟಾಗುವುದಿಲ್ಲ. ಪೆಟ್ಟಾದವನು ರಜೆ ಹಾಕಿದರೆ ತಾನೇ ಲೆಕ್ಕದಲ್ಲಿ ಅದು ಅಪಘಾತ? ಊಟದ ಕೋಣೆಯಲ್ಲಿ ಕೂತು ಗೋಡೆ ನೋಡಿದರೂ ಹಾಜರಿ ಹಾಜರಿಯೇ. ಆನ್ಸೆಲ್ಮೊ ವಾರಗಟ್ಟಲೆ ಗೋಡೆ ನೋಡಿದ. ಆಮೇಲೆ ಕೈಗೆ ಪೊರಕೆ ಕೊಟ್ಟರು.

ಬೆನ್ನುನೋವೇನೋ ಹೋಯಿತು. ಆದರೆ ತೊಡೆಯಲ್ಲಿ ಆಗಾಗ ಕರೆಂಟು ಹೊಡೆದಂತಾಗುತ್ತಿತ್ತು, ಬಲಪಾದ ಮರಗಟ್ಟಿಯೇ ಉಳಿಯಿತು.

“ಇರುವೆ ಹರಿದಂಗೆ ಆಗುತ್ತಾ?” ಎಂದು ಕೇಳಿದರು ಕಂಪನಿಯ ಡಾಕ್ಟರು.

“ಹೌದು ಸಾರ್, ತೊಡೇಲಿ.”

“ಭೇಷ್! ನರ ಎಚ್ಚರ ಆಗ್ತಿದೆ. ಪಾದದಲ್ಲಿ?”

“ಏನೂ ಗೊತ್ತಾಗಲ್ಲ ಸಾರ್.”

“ನೋವೇ ಇಲ್ಲ ಅಂದ್ಮೇಲೆ ಇನ್ನೇನ್ರೀ ಬೇಕು? ಸೋಮವಾರದಿಂದ ಚಾಕು ಹಿಡೀರಿ.”

ಒದ್ದೆ ನೆಲ, ಕೈಯಲ್ಲಿ ಚಾಕು, ಕೆಳಗೆ ಸತ್ತ ಕಾಲು. ಜಾರಿದರೆ ಅವನ ಹೊಟ್ಟೆಗೋ, ಪಕ್ಕದಲ್ಲಿ ನಿಂತು ಮೂಳೆ ಬಿಡಿಸುವ ನನ್ನ ಹೊಟ್ಟೆಗೋ. ಆಗಲ್ಲ ಅಂದರೆ ಕೆಲಸ ಹೋಗುತ್ತದೆ.

ಶುಕ್ರವಾರ ಕೇಕ್ ತರಿಸಿದರು. ವರ್ಷವಿಡೀ ಒಂದೂ ಅಪಘಾತವಿಲ್ಲವಂತೆ! ಮೊದಲ ತುಂಡು ಆನ್ಸೆಲ್ಮೊಗೆ, ಜೊತೆಗೊಂದು ಫೋಟೋ. ಅವನು ಪೊರಕೆ ಒರಗಿಸಿ ಕುಂಟುತ್ತ ಬಂದ. ಹಿಂದೆಯೇ ನೆಲದ ಮೇಲೆ ಕೆಂಪು ಹೆಜ್ಜೆಗಳು.

“ಅಣ್ಣಾ, ರಕ್ತ!” ಎಂದೆ.

“ದನದ್ದಿರ್ಬೇಕು ಬಿಡೇ, ದೆಲ್ಫೀನಾ.”

ನಾನೇ ಕೂರಿಸಿ ಬೂಟು ಎಳೆದೆ. ಅಟ್ಟೆ ತೂರಿದ ಮೊಳೆ ಹಿಮ್ಮಡಿಯೊಳಗೆ ಇಳಿದಿತ್ತು. ಅವನು ಯಾರದೋ ಕಾಲು ನೋಡುವಂತೆ ನೋಡಿದ. ನನಗೆ ಅಳು ಬಂತು.

ಮ್ಯಾನೇಜರ್ ಟ್ರೆಂಟ್ ಓಡಿ ಬಂದ. “ಮೊದ್ಲು ಬೂಟು ಹಾಕ್ಕೊಳಪ್ಪ, ಫೋಟೋದಲ್ಲಿ ಕಾಣುತ್ತೆ.”

“ಮೊಳೆ ಹೊಕ್ಕಿದ್ದೇ ಗೊತ್ತಾಗ್ಲಿಲ್ಲ ಸಾರ್. ಈ ಕಾಲಲ್ಲಿ ನಿಂತು ನಾನು ಚಾಕು ಹಿಡಿಯಲ್ಲ,” ಎಂದ ಆನ್ಸೆಲ್ಮೊ. ಅವನು ಹಾಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಟ್ರೆಂಟ್ ನಮ್ಮತ್ತ ತಿರುಗಿ ನಕ್ಕ. “ಇವನೊಬ್ಬನಿಗೇ ನೋಡಿ, ಜೋಮು! ಇನ್ಯಾರಿಗಾದ್ರೂ ಇದೆಯಾ? ಇದ್ರೆ ಕೈ ಎತ್ತಿ, ನೋಡೋಣ.”

ನನ್ನ ಬಲಗೈ ಬೆರಳುಗಳು ಜೋಮು ಹಿಡಿದು ಎಷ್ಟು ಕಾಲವಾಯಿತೋ! ಮನೆಯಲ್ಲೂ ಹೇಳಿರಲಿಲ್ಲ. ಆ ಕೈಯನ್ನೇ ಎತ್ತಿದೆ. ಪಕ್ಕದವಳು ಎತ್ತಿದಳು. ಆಮೇಲೆ ಹಿಂದಿನ ಸಾಲು, ಬಾಗಿಲ ಬಳಿ ನಿಂತವರು, ಚಾಕು ಹಿಡಿದು ಹಿಡಿದು ಮಡಚಿದ ಬೆರಳು ಬಿಚ್ಚಲಾರದ ಮುದುಕರು. ಕೇಕ್ ಕೊಯ್ಯುತ್ತಿದ್ದವಳೂ ಕೈಯಲ್ಲಿದ್ದುದನ್ನು ಕೆಳಗಿಟ್ಟು ಕೈ ಎತ್ತಿದಳು.

“ಆಯ್ತು, ಆಯ್ತು, ಇಳಿಸಿ,” ಎಂದ ಟ್ರೆಂಟ್.

ನಾವು ಇಳಿಸಲಿಲ್ಲ.