ಸೊಪ್ಪಿನ ಹೊರೆಯೊಳಗಿನ ಸದ್ದು

ಟೀಂ... ಟೀಂ... ತೀರಾ ಸಣ್ಣ ಸದ್ದು. ರಾತ್ರಿ ಹತ್ತೂವರೆ. ಜಗಲಿಯ ಮೇಲೆ ನಿಂತಿದ್ದ ಪದ್ಮಶ್ರೀ ಫೋನಿನಲ್ಲಿ ‘ಹುಡುಕು’ ಒತ್ತಿದ ಬೆರಳನ್ನು ತೆಗೆಯುವುದನ್ನೇ ಮರೆತಳು. ಸಂಜೆ ಕಳೆದುಹೋದ ಎಡಗಿವಿಯ ಇಯರ್‌ಬಡ್ಸ್ ಬ್ಯಾಗಿನಲ್ಲೋ ಸ್ಕೂಟರಿನಲ್ಲೋ ಇದ್ದೀತು ಅಂದುಕೊಂಡಿದ್ದಳು. ಸದ್ದು ಬರುತ್ತಿದ್ದುದು ಅಂಗಳದಾಚೆಯ ರೇಷ್ಮೆಹುಳದ ಮನೆಯಿಂದ.

ಇವತ್ತು ಹೊರಗಿನಿಂದ ಅದರೊಳಗೆ ಹೋದದ್ದು ಮಾವ ಹೊತ್ತು ತಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಒಂದೇ. ಅವಳು ಜಗಲಿಯಿಂದಿಳಿದು ಅತ್ತ ನಡೆದಳು.

“ಗಾಡಿ ಮೇಲೆ ಇನ್ನೊಂದ್ಸಲ ಅದನ್ನ ಕಿವೀಲಿ ಕಂಡ್ರೆ ಕೀ ನನ್ನತ್ರ ಇರತ್ತೆ. ಕೆಲಸಾನೂ ಬೇಡ, ಏನೂ ಬೇಡ,” ಎಂದು ಗಂಡ ಮುರಳಿಮೋಹನ್ ಹೋದ ವಾರವಷ್ಟೇ ಹೇಳಿದ್ದ. ಆದರೂ ಸಂಜೆ ಶಿಡ್ಲಘಟ್ಟದ ಸ್ಕೂಲಿನಿಂದ ಬರುವಾಗ ಎರಡೂ ಕಿವಿಗೆ ಸಿಕ್ಕಿಸಿಕೊಂಡು ತಂಗಿಯ ಜೊತೆ ಮಾತಾಡುತ್ತಿದ್ದಳು. ಹೆಲ್ಮೆಟ್ ಹ್ಯಾಂಡಲಿನಲ್ಲಿ ನೇತಾಡುತ್ತಿತ್ತು. ತಲೆಮೇಲೆ ಹೊರೆ ಹೊತ್ತವರಿಗೆ ಅಕ್ಕಪಕ್ಕ ಕಾಣುವುದಿಲ್ಲ, ರಸ್ತೆ ದಾಟುವ ಮೊದಲು “ಸೊಪ್ಪೂ...” ಎಂದು ಕೂಗುತ್ತಾರೆ, ಗಾಡಿಯವರು ನಿಲ್ಲಿಸುತ್ತಾರೆ. ಆ ಕೂಗು ಅವಳಿಗೆ ಕೇಳಿಸಲೇ ಇಲ್ಲ. ಎಲೆಗಳು ರಪ್ಪನೆ ಮುಖಕ್ಕೆ, ಕಿವಿಗೆ ಬಡಿದವು. ಕನ್ನಡಿಯಲ್ಲಿ ನೋಡಿದರೆ, ಚೆಲ್ಲಿದ ಸೊಪ್ಪಿನ ನಡುವೆ ಯಾರೋ ಎದ್ದು ಕೂರುತ್ತಿದ್ದರು. ಅವಳು ನಿಲ್ಲಿಸಲಿಲ್ಲ.

ಆಮೇಲೆ ಮಾವ ರಾಮಾಂಜಿನಪ್ಪ ಮೊಣಕೈ ತರಚಿಕೊಂಡು ಬಂದಾಗ, ತಾನು ಕೆಡವಿದ್ದು ಇವರನ್ನೇ ಏನೋ ಎಂದು ಹೆದರಿದ್ದಳು. “ತೋಟದ ಬದಿನ ಮೇಲೆ ಜಾರಿಬಿದ್ದೆ,” ಅಂದರು. ಸದ್ಯ, ಇವರಲ್ಲ ಎಂದುಕೊಂಡು ಅವಳೇ ಅರಿಶಿನ ಹಚ್ಚಿದ್ದಳು.

ಹುಳದ ಮನೆಯಲ್ಲಿ ಮಾವ ಒಂದೇ ಕೈಯಲ್ಲಿ ಸೊಪ್ಪು ಹರಡುತ್ತಿದ್ದರು. ಇನ್ನೊಂದು ಅಂಗೈಯಲ್ಲಿ ಅದು ಕೂಗುತ್ತಿತ್ತು.

“ಬಾಮ್ಮ. ಬೆಳ್ಳಗೈತೆ, ಹುಳಾನೇ ಅಂದ್ಕೊಂಡಿದ್ದೆ. ಇದೇನು ಹಿಂಗೆ ಅರಚ್ಕೊಳ್ತದೆ?”

ಅವಳು ಫೋನಿನಲ್ಲಿ ಸದ್ದು ನಿಲ್ಲಿಸಿದಳು. “ಮಾವ... ಸಂಜೆ ಗುದ್ದಿದ್ದು ನಾನೇ ಅಂತ ಗೊತ್ತಿತ್ತಾ?”

“ಗಾಡಿ ಹಿಂದೆ ಮನೆದೇವರ ಹೆಸರು ಬರೆಸಿದ್ದು ನಾನೇ ಅಲ್ವಾ? ಎರಡು ಸಲ ಕೂಗ್ದೆ ಕಣಮ್ಮ. ನೀನು ಬಿದ್ಯೇನೋ ಅಂತ ಎದ್ದು ನೋಡ್ದೆ. ನೀನು ಹೋಗ್ತಾನೇ ಇದ್ದೆ.”



ಮನೆಯೊಳಗಿಂದ ಅತ್ತೆ ಮುನಿಗಂಗಮ್ಮನ ದನಿ: “ಏನದು ಟೀಂ ಟೀಂ ಅಂತ? ಮುರಳೀನ ಎಬ್ಬಿಸ್ಲಾ?”

“ಮಿಡತೆ ಕಣೇ! ಸೊಪ್ಪಲ್ಲಿ ಬಂದಿತ್ತು. ಮಲಕ್ಕೊ.”

“ಅವರಿಗೆ ನಾನೇ ಹೇಳಿಬಿಡ್ತೀನಿ ಮಾವ,” ಅಂದಳು.

“ಹೇಳಿದ್ರೆ ಬೆಳಿಗ್ಗೆ ಕೀ ಅವನ ಜೇಬಲ್ಲಿರ್ತದೆ. ನಿನ್ನ ಸ್ಕೂಲು?” ಬಡ್ಸನ್ನು ಅವಳ ಕೈಗೆ ಹಾಕಿ ಅವರು ಮುಂದಿನ ತಟ್ಟೆಗೆ ಬಗ್ಗಿದರು. ಮೊಣಕೈಯ ಅರಿಶಿನದ ಮೇಲೆ ರಕ್ತ ಮತ್ತೆ ಒಸರಿತ್ತು. “ನಾನು ಜಾರಿಬಿದ್ದೆ. ಅಷ್ಟೇ. ಯಾರಿಗೂ ಹೇಳಲ್ಲ. ನಾಳೆ ಕೂಗಿದ್ರೆ ಮಾತ್ರ ಕೇಳಿಸ್ಬೇಕು.”